ತಗ್ಗಿದ ಬಲಗೈ

ಆಸ್ಪತ್ರೆಯ ಹಿಂಭಾಗದ ಬಟ್ಟೆ ಒಗೆಯುವ ಕೋಣೆಯಲ್ಲಿ ಚಾದರ ಮಡಚುವುದು ಜೋಡಿ ಕೆಲಸ. ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು, ಜಾಡಿಸಿ ಎಳೆಯಬೇಕು. ಅಂಚಿಗೆ ಅಂಚು ಕೂಡಿದ ಮೇಲೆ ಹತ್ತಿರ ಬಂದು ಒಬ್ಬರ ಕೈಯ ಮೂಲೆಯನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹೆಂಗಸು ತಲೆ ನರೆಯುವ ತನಕ ಈ ಕೆಲಸವನ್ನು ಒಬ್ಬಳ ಜೊತೆಯಲ್ಲೇ ಮಾಡಿದವಳು. ಆ ಒಬ್ಬಳು ಅವಳ ನಾದಿನಿ.

ದೊಡ್ಡಕ್ಕನ ಗಂಡ ಬೇಗ ತೀರಿಹೋದ. ಹಾವು ಮುಂಗುಸಿಯ ಹಾಗಿರುತ್ತಾರೆ ಎಂದು ಜನ ಅಂದುಕೊಂಡಿದ್ದ ಅತ್ತಿಗೆ ನಾದಿನಿ ಒಂದೇ ಕೋಣೆಯಲ್ಲಿ, ಒಂದೇ ಒಲೆಗೆ ಉಳಿದರು. ನಾದಿನಿ ಚಿಕ್ಕಂದಿನಲ್ಲಿ ಮೆಟ್ಟಿಲಿಂದ ಬಿದ್ದು ಎಡಭುಜ ಮುರಿದುಕೊಂಡವಳು. ಆ ಕೈ ಎದೆಮಟ್ಟಕ್ಕಿಂತ ಮೇಲೇರುತ್ತಿರಲಿಲ್ಲ. ಶುರುವಿನಲ್ಲಿ ಇಬ್ಬರೂ ಮಡಚಿದ ಚಾದರವೆಲ್ಲ ಸೊಟ್ಟ. "ನಿನ್ನ ಕೈ ಸೊಟ್ಟ," "ನಿನ್ನ ಕಣ್ಣು ಸೊಟ್ಟ" ಎಂದು ಬೈದಾಡಿಕೊಂಡೇ ಎಳೆದರು. ತಪ್ಪಿ ತಪ್ಪಿ ಎಳೆಯುತ್ತ, ಆ ಕೈಗೆ ಎದುರಾಗುವ ದೊಡ್ಡಕ್ಕನ ಬಲಗೈ ತಾನಾಗಿಯೇ ತಗ್ಗಿತು, ತುಸು ಬಿಗಿಯಾಗಿ ಎಳೆಯುವುದನ್ನೂ ಕಲಿಯಿತು. ಯಾವಾಗ ಕಲಿಯಿತೋ ಅವಳಿಗೇ ಗೊತ್ತಿಲ್ಲ. ಆಮೇಲೆ ಅವರ ಚಾದರ ಹಲಗೆಯ ಹಾಗೆ ಕೂರುತ್ತಿತ್ತು.

ಕಳೆದ ಚಳಿಗಾಲ ಜ್ವರ ಅಂತ ಮಲಗಿದ ನಾದಿನಿ ಮತ್ತೆ ಏಳಲಿಲ್ಲ.

ಆ ಜಾಗಕ್ಕೆ ಬಂದವಳು ಎತ್ತರದ ಹೆಂಗಸು. ಮಾತು ನಿಲ್ಲಿಸುವವಳಲ್ಲವಾದ್ದರಿಂದ ರೇಡಿಯೋ ಎಂದೇ ಹೆಸರಾಗಿತ್ತು. ಅವಳ ಎರಡು ಕೈಯೂ ಸರಿಯಿದ್ದವು. ಸರಿಯಿದ್ದದ್ದೇ ತಪ್ಪಾಯಿತು. ದೊಡ್ಡಕ್ಕನ ಬಲಗೈ ಈಗಿಲ್ಲದ ಆ ಕೈಗಾಗಿ ತಗ್ಗುತ್ತಿತ್ತು, ಚಾದರ ಓರೆಯಾಗುತ್ತಿತ್ತು.

ವಾರ್ಡಿನಿಂದ ದೂರು ಬಂತು. ಮೇಸ್ತ್ರಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಏನಮ್ಮಾ, ಎತ್ತು ಏರಿಗೆ, ಕೋಣ ನೀರಿಗೆ ಎಳದಂಗಿದೆ?"

"ಎತ್ತು ಯಾರು, ಕೋಣ ಯಾರು, ಅದನ್ನ ಮೊದಲು ಹೇಳಿ," ಎಂದಳು ರೇಡಿಯೋ.

ಮೇಸ್ತ್ರಿ ನಗಲಿಲ್ಲ. "ಈ ತಿಂಗಳು ನೋಡ್ತೀನಿ ದೊಡ್ಡಕ್ಕ. ಆಗಲಿಲ್ಲ ಅಂದ್ರೆ ನೆನೆ ತೊಟ್ಟಿಗೆ ಹಾಕ್ತೀನಿ. ಬೇಜಾರು ಮಾಡ್ಕೋಬೇಡಿ."

ನೆನೆ ತೊಟ್ಟಿ ಎಂದರೆ ದಿನವಿಡೀ ತಣ್ಣೀರಲ್ಲಿ ಕೈ, ಬಗ್ಗಿದ ಬೆನ್ನು. ಅವಳ ನೋಯುವ ಮಂಡಿಗೆ ಅದು ಆಗದ ಮಾತು. ತೊಟ್ಟಿಗೆ ಹಾಕಿದರೆ ಕೆಲಸ ಬಿಟ್ಟ ಹಾಗೆಯೇ. ಬಿಟ್ಟರೆ ಇಡೀ ಹಗಲು ಮನೆಯ ಆ ಒಂದು ಕೋಣೆ, ನಾದಿನಿಯ ಆ ಖಾಲಿ ಚಾಪೆ.

ರೇಡಿಯೋಗೆ ಕನಿಕರ ಹುಟ್ಟಿತು. ಅಂದಿನಿಂದ ಅವಳು ತನ್ನ ಎಡಗೈಯ ಮೂಲೆಯನ್ನೇ ಸದ್ದಿಲ್ಲದೆ ಇಳಿಸಿ ಹಿಡಿಯತೊಡಗಿದಳು. ಚಾದರ ಸರಿ ಕೂತಿತು. ದೊಡ್ಡಕ್ಕನಿಗೆ ಕೈ ಕುದುರಿತು ಅನ್ನಿಸಿತು. ಆದರೆ ರೇಡಿಯೋ ಬರದ ದಿನ ಬೇರೆಯವಳ ಜೊತೆ ಮಡಚಿದರೆ ಮತ್ತೆ ಅದೇ ಸೊಟ್ಟ.

ಟವೆಲ್ ಎಣಿಸಿ ಒಯ್ಯಲು ಬಂದಿದ್ದ ವ್ಯಾಯಾಮದ ಮೇಡಂ ಇದನ್ನು ನೋಡಿದಳು. ಲಕ್ವ ಹೊಡೆದವರ ಕೈಗೆ ಲೋಟ ಹಿಡಿಯಲು ಕಲಿಸುವವಳು ಅವಳು. ಮರುದಿನ ರೇಡಿಯೋ ಹಿಡಿದದ್ದನ್ನೂ ನೋಡಿ ಕೇಳಿದಳು, "ನೀವ್ಯಾಕೆ ಮೂಲೆ ಇಳಿಸ್ತೀರಿ?"

ರೇಡಿಯೋ ದೊಡ್ಡಕ್ಕನ ಕಡೆ ಕಳ್ಳನೋಟ ಬೀರಿ ಮೂಲೆಯನ್ನು ಮೇಲೆತ್ತಿದಳು.

"ಪಾಪ ಅಂತ ಮಾಡ್ತಿದ್ದೀರಿ, ಗೊತ್ತು," ಎಂದು ಮೇಡಂ ದೊಡ್ಡಕ್ಕನ ಕಡೆ ತಿರುಗಿದಳು. "ಆದರೆ ಕೈ ಚಾಚೋ ಮುಂಚೇನೇ ತಲೆ ಒಂದು ಅಂದಾಜು ಕಟ್ಟಿರುತ್ತೆ ದೊಡ್ಡಕ್ಕ, ಇಷ್ಟು ಎಳೆದ್ರೆ ಇಷ್ಟು ಬರುತ್ತೆ ಅಂತ. ಬರದೇ ಹೋದ್ರೆ ಮುಂದಿನ ಸಲ ಒಂಚೂರು ತಿದ್ಕೊಳ್ಳುತ್ತೆ. ತಪ್ಪಾದದ್ದೇ ಅದಕ್ಕೆ ತಿಳೀಲಿಲ್ಲ ಅಂದ್ರೆ ಏನನ್ನ ತಿದ್ಕೊಳ್ಳುತ್ತೆ? ನಮ್ಮ ರೋಗಿಗಳ ಮನೆಯವರೂ ಹೀಗೇ, ಲೋಟ ಅಲ್ಲಾಡೋ ಮುಂಚೆ ಹಿಡ್ಕೊಂಡುಬಿಡ್ತಾರೆ."

ಮೇಡಂ ಹೋದ ಮೇಲೆ ರೇಡಿಯೋ ಚಾದರ ಎತ್ತಿಕೊಂಡಳು. "ಬಾ ದೊಡ್ಡಕ್ಕ. ಇನ್ನು ನಾನು ಕಂಬ. ನೀನು ಎಷ್ಟು ಸೊಟ್ಟ ಎಳೆದ್ರೂ ಅಲ್ಲಾಡಲ್ಲ."

ದೊಡ್ಡಕ್ಕ ಕೈ ನೀಡಲಿಲ್ಲ. "ತಿದ್ದಿಕೊಂಡ್ರೆ, ಹಳೇದು ಹೋಗ್ಬಿಡುತ್ತಲ್ಲೇ?"

"ಹಳೇದು ಅಂದ್ರೆ?"

"ಅವಳ ಸೀರೆ ಯಾರಿಗೋ ಕೊಟ್ಟೆ. ಫೋಟೋದಲ್ಲಿ ಮುಖ ಅವಳದಲ್ಲ, ಯಾರೋ ಹೆದರಿದವಳದು. ಅವಳ ಭುಜ ಎಲ್ಲಿವರೆಗೆ ಏಳ್ತಿತ್ತು ಅಂತ ಈ ಕೈಗೆ ಮಾತ್ರ ಗೊತ್ತು ಕಣೇ."

ರೇಡಿಯೋ ಎರಡು ಮೂಲೆ ಹಿಡಿದು ನಿಂತೇ ಇದ್ದಳು. ಕೊನೆಗೆ ದೊಡ್ಡಕ್ಕ ತನ್ನೆರಡು ಮೂಲೆ ಹಿಡಿದಳು.

ಮೊದಲು ಚಾದರ ಹಿಂದಿಗಿಂತ ಕೆಟ್ಟದಾಯಿತು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದರು. ಪಕ್ಕದ ಮೇಜಿನವರು ಊಟಕ್ಕೆ ಎದ್ದರೂ ಇವರ ರಾಶಿ ಕರಗುತ್ತಿರಲಿಲ್ಲ. ಓರೆಯಾದಾಗೆಲ್ಲ ದೊಡ್ಡಕ್ಕ ನೋಡಿದಳು, ಮತ್ತೆ ಎಳೆದಳು. ಹೀಗೇ ದಿನಗಳು ಕಳೆದವು. ಒಂದು ಬೆಳಗ್ಗೆ ರೇಡಿಯೋ ತನ್ನ ಸೊಸೆಯ ಪುರಾಣ ಬಿಚ್ಚಿದ್ದಳು. ಕಥೆ ಮುಗಿಯುವಾಗ ರಾಶಿಯೂ ಮುಗಿದಿತ್ತು. ಎಲ್ಲವೂ ನೆಟ್ಟಗೆ. ಮೇಸ್ತ್ರಿ ಮೇಲಿನದರ ಅಂಚು ಸವರಿ, "ಆಯ್ತು ಬಿಡಿ," ಎಂದು ಹೋದ. ರೇಡಿಯೋ ಚಪ್ಪಾಳೆ ತಟ್ಟಿದಳು. ದೊಡ್ಡಕ್ಕ ತನ್ನ ಬಲಗೈಯನ್ನು ಯಾರದೋ ಎಂಬಂತೆ ನೋಡಿದಳು.

ರಜೆಯ ದಿನ ಮಧ್ಯಾಹ್ನ ಅವಳು ಮನೆಯಲ್ಲಿ ಚಾದರ ಒಗೆದು ಒಣಗಿಸಿದಳು. ಹಿಡಿಯಲು ಇನ್ನೊಬ್ಬರಿಲ್ಲ. ಕಿಟಕಿಯ ಸರಳುಗಳಿಗೆ ಒಂದು ತುದಿಯ ಎರಡು ಮೂಲೆ ಕಟ್ಟಿದಳು. ಎಡಗಡೆಯದನ್ನು ಮೇಲೆ, ಬಲಗಡೆಯದನ್ನು ಕೆಳಗೆ, ನಾದಿನಿಯ ಎದೆಮಟ್ಟಕ್ಕೆ. ಹಿಂದೆ ಸರಿದು ಎಳೆದಳು. ಬಟ್ಟೆ ಓರೆಯಾಗಿ ಸುಕ್ಕುಗಟ್ಟಿತು. ಹಳೇದು ಹೋಯಿತು ಅಂದುಕೊಂಡಳು.

ಇನ್ನೊಮ್ಮೆ ಎಳೆದಳು. ಸುಕ್ಕು ಕಡಿಮೆಯಾಯಿತು. ಮತ್ತೊಮ್ಮೆ ಎಳೆಯುವಾಗ, ಯಾರೂ ಹೇಳದೆ, ಬಲಗೈ ತಗ್ಗಿತು. ಮೊದಲು ಕಲಿಯಲು ಅಷ್ಟು ಬೈಗುಳ ತಿಂದ ಕೈ ಈಗ ಇಷ್ಟರಲ್ಲೇ ದಾರಿ ಹಿಡಿದಿತ್ತು. ಚಾದರ ಹಲಗೆಯ ಹಾಗೆ ನಿಂತಿತು.

"ಬಂದ್ಯಾ," ಎಂದಳು.

ಅಂಚಿಗೆ ಅಂಚು ಕೂಡಿಸಿ, ಅಭ್ಯಾಸದಂತೆ ಮೂಲೆ ಕೊಡಲು ಮುಂದೆ ನಡೆದಳು. ಬೆರಳಿಗೆ ಸರಳು ತಗುಲಿತು. ಆ ಸರಳನ್ನೇ ಒಮ್ಮೆ ಹಿಡಿದಳು. ಆಮೇಲೆ ಗಂಟು ಬಿಚ್ಚಿ, ಉಳಿದ ಮಡಿಕೆಯನ್ನು ತಾನೇ ಮುಗಿಸಿದಳು.