ಹಿಂಬದಿ ಸೀಟಿನ ಜಮಖಾನೆ

2023ರಲ್ಲಿ ನನಗೆ ಐವತ್ತೆರಡು ವರ್ಷ. ಕೆಟ್ಟು ನಿಂತ ವಾಹನಗಳನ್ನು ಪರಿಶೀಲಿಸಿ, ಹಾನಿಯ ಕಾರಣವನ್ನು ಕಂಪನಿಗಳಿಗೆ ವರದಿ ಮಾಡುವ ಸರ್ವೇಯರ್ ಆಗಿ ಧಾರವಾಡ ಜಿಲ್ಲೆಯ ತಾಲ್ಲೂಕುಗಳನ್ನು ಸುತ್ತುತ್ತಿದ್ದೆ. ಅದಕ್ಕೂ ಮೊದಲು ನವಲಗುಂದದ ಶಾಲೆಯೊಂದರಲ್ಲಿ ಪಾಠ ಹೇಳಿದವನು ನಾನು. ಅರ್ಧ ಉತ್ತರ ಕೊಟ್ಟ ವಿದ್ಯಾರ್ಥಿಯನ್ನು ಪೂರ್ಣ ವಾಕ್ಯ ಬರುವವರೆಗೆ ಕೂರಗೊಡುತ್ತಿರಲಿಲ್ಲ. ಆ ಅಭ್ಯಾಸ ಹೊಸ ವೃತ್ತಿಯಲ್ಲಿಯೂ ಉಳಿದಿತ್ತು.

ಆ ವರ್ಷದ ಜೂನ್ ತಿಂಗಳಲ್ಲಿ ಸಂಶಿಯ ಹತ್ತಿ ವ್ಯಾಪಾರಿ ಚನ್ನಬಸಪ್ಪ ಸಾವಕಾರರ ಹೈಬ್ರಿಡ್ ಕಾರು ನಿಂತುಹೋಯಿತು. ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್ ಎರಡೂ ಇರುವ ವಾಹನ. ಮೋಟಾರಿಗೆ ಶಕ್ತಿ ಕೊಡುವ ದೊಡ್ಡ ಬ್ಯಾಟರಿ ಹಿಂಬದಿ ಸೀಟಿನ ಬೆನ್ನಿಗೆ ಇರುತ್ತದೆ. ಕಾರು ಹತ್ತು ವರ್ಷ ಹಳೆಯದು. ಸಾವಕಾರರು ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಬ್ಯಾಟರಿಗೆಂದು ಪ್ರತ್ಯೇಕ ವಾರಂಟಿ ಮಾಡಿಸಿದ್ದರು. ಹೊಸ ಬ್ಯಾಟರಿಗೆ ಮೂರೂವರೆ ಲಕ್ಷ ರೂಪಾಯಿ. ವಾರಂಟಿ ಕಂಪನಿ ನನ್ನನ್ನು ಕಳುಹಿಸಿತು.

ಸಾವಕಾರರ ಮನೆಯ ಅಂಗಳದಲ್ಲಿ, ಹುಬ್ಬಳ್ಳಿಯಿಂದ ಬಂದಿದ್ದ ಟೆಕ್ನಿಶಿಯನ್ ಸೀಟು ಬಿಚ್ಚಿದ. ಈ ಬ್ಯಾಟರಿಯನ್ನು ತಂಪಾಗಿಡಲು ಒಂದು ಫ್ಯಾನ್ ಇರುತ್ತದೆ. ಸೀಟಿನ ಬದಿಯ ಜಾಳಿಗೆಯಂಥ ಕಿಂಡಿಯಿಂದ ಅದು ಕಾರಿನೊಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕಿಂಡಿ ಮುಚ್ಚಿದರೆ ಬ್ಯಾಟರಿ ಒಳಗೊಳಗೇ ಬೇಯುತ್ತದೆ. ಫ್ಯಾನಿನ ರೆಕ್ಕೆಗಳಿಗೆ ಕೆಂಪು, ಕಪ್ಪು ನೂಲಿನ ಎಳೆಗಳು ದಪ್ಪವಾಗಿ ಮೆತ್ತಿಕೊಂಡಿದ್ದವು.

"ಸೀಟಿನ ಮ್ಯಾಲೆ ಏನರ ಹಾಸ್ತಿದ್ರೇನ್ರಿ?" ಎಂದು ಕೇಳಿದೆ.

"ಜಮಖಾನಿ," ಎಂದರು ಸಾವಕಾರರು. "ಈ ಮಗಾ ಡ್ರೈವರ್ ದಸ್ತಗೀರ ಹಾಸ್ತಿದ್ದ. ನವಲಗುಂದದಾಗ ಇವರವ್ವ ನೇಯ್ತಾಳ, ಅದರ ಶೋಕಿ ತೋರ್ಸಾಕ ನನ್ನ ಗಾಡಿನ ಬೇಕಾಗಿತ್ತು ಇವಂಗ. ಡ್ರೈವರಂದ ತಪ್ಪು ಅಂತ ಬರ್ಕೊಳ್ರಿ. ಪಗಾರದಾಗ ಮುರ್ಕೋತೀನಿ."

ದಸ್ತಗೀರನ ಪಗಾರ ತಿಂಗಳಿಗೆ ಹದಿನಾಲ್ಕು ಸಾವಿರ. ನನ್ನ ವರದಿಯಲ್ಲಿ ಆ ಒಂದು ವಾಕ್ಯ ಬಂದರೆ ಆತ ಎರಡು ವರ್ಷಕ್ಕೂ ಹೆಚ್ಚು ಕಾಲ ಪುಕ್ಕಟೆ ದುಡಿಯಬೇಕಿತ್ತು.

"ನೀನಾಗೇ ಹಾಸಿದ್ಯೋ, ಯಾರರ ಹೇಳಿದ್ರೋ?" ಎಂದು ಕಾರಿನ ಪಕ್ಕ ನಿಂತಿದ್ದ ದಸ್ತಗೀರನನ್ನು ಕೇಳಿದೆ.

"ನಾನ ಹಾಸಿದ್ನಿರೀ."

"ಯಾರು ಹೇಳಿದ್ರು ಅಂತ ಕೇಳಿದೆ."

ಆತ ಮನೆಯ ಕಟ್ಟೆಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. "ಬಿಡ್ರಿ ಸರ್. ನಂದ ತಪ್ಪು ಅಂತ ಬರೀರಿ."

ಕಟ್ಟೆಯ ಮೇಲೆ ನರ್ಸ್ ಸುನಂದಾ ಕೈ ಒರೆಸಿಕೊಳ್ಳುತ್ತಿದ್ದರು. ಹಾಸಿಗೆ ಹಿಡಿದಿದ್ದ ಸಾವಕಾರರ ತಾಯಿಯ ಬೆನ್ನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಲು ಕುಂದಗೋಳದಿಂದ ದಿನಾಲೂ ಬರುತ್ತಿದ್ದವರು ಅವರು. ಅಲ್ಲಿನ ಬೌದ್ಧ ಕುಟುಂಬವೊಂದರ ಮಗಳು. ಅವರ ಅಜ್ಜ-ಅಜ್ಜಿಯರನ್ನು ಊರು ಬಾವಿಯ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಕಾರು ಕೆಡುವವರೆಗೆ ದಸ್ತಗೀರನೇ ಅವರನ್ನು ಕರೆತಂದು ಬಿಡುತ್ತಿದ್ದ. ನಾನು ಅವರನ್ನು ಕರೆದು, ಜಮಖಾನೆಯನ್ನು ಯಾವಾಗ ಹಾಸುತ್ತಿದ್ದರು ಎಂದು ವಿಚಾರಿಸಿದೆ.

ಅವರು ನಕ್ಕರು. "ನಾ ಕುಂದ್ರೂಮುಂದ ಹಾಸ್ತಿದ್ದ, ಇಳಿದಿಂದ ಮಡಚಿ ಡಿಕ್ಕ್ಯಾಗ ಇಡ್ತಿದ್ದ. ನನಗ್ಯಾಕೋ ದಸ್ತಗೀರಣ್ಣಾ ಇಷ್ಟ ಮರ್ಯಾದಿ, ನಾ ಏನ್ ನಿಮ್ಮ ಬೀಗತೇನು ಅಂತ ಚಾಷ್ಟಿ ಮಾಡ್ತಿದ್ನಿರಿ."

ನಮ್ಮ ಭಾಗದಲ್ಲಿ ಬಂದವರಿಗೆ ಜಮಖಾನೆ ಹಾಸಿಯೇ ಕೂಡಿಸುವುದು ರೂಢಿ. ಅವರು ಹಾಗೆ ತಿಳಿದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನಾನು ಸಾವಕಾರರತ್ತ ತಿರುಗಿದೆ.

"ನಿಮ್ಮ ಮನಿಯವರು ಕೂತಾಗ ಹಾಸ್ತಿದ್ರೇನು?"

"ಇಲ್ಲ."

"ಬೀಗರು ಬಂದಾಗ?"

"ಅವ್ರಿಗ್ಯಾಕ್ರಿ?"

"ಹಂಗಾದ್ರ ಇವರಿಗಷ್ಟ ಯಾಕ?"

"ಸಾಕ್ ಮಾಡ್ರಿ ಸರ್," ಎಂದ ದಸ್ತಗೀರ.

ಸಾವಕಾರರಿಗೆ ರೇಗಿತು. "ಗೊತ್ತಿದ್ದದ್ದ ಏನ್ ಕೇಳ್ತೀರಿ? ಅಕೀ ಎದ್ದಮ್ಯಾಲೆ ಅದ ಸೀಟಿನ ಮ್ಯಾಲೆ ನಮ್ಮ ಹೆಣ್ಮಕ್ಳು ಕುಂದ್ರಬೇಕಲ್ರಿ. ಜಮಖಾನಿ ಆದ್ರ ತಗದ ಇಡಾಕ ಬರ್ತೈತಿ. ನಾನ ಹಾಸು ಅಂದಿದ್ನಿ. ಏನೀಗ?"

ಸುನಂದಾ ಅವರ ಮುಖದ ಮೇಲಿನ ನಗು ಹೋಗಲು ತುಸು ಹೊತ್ತು ಹಿಡಿಯಿತು.

"ನಿಮ್ಮವ್ವನ ಹುಣ್ಣು ತೊಳಿಯೂಮುಂದ ಏನ್ ಹಾಸ್ತೀರಿ ಸಾವಕಾರ್ರ?"

"ಅದಕ್ಕ ರೊಕ್ಕಾ ಕೊಡ್ತೀನಲ್ಲ."

ಅವರು ಮತ್ತೆ ಸಾವಕಾರರ ಕಡೆ ನೋಡಲಿಲ್ಲ. "ನಿನಗ ಗೊತ್ತಿತ್ತೇನೋ ಅಣ್ಣಾ?" ಎಂದು ದಸ್ತಗೀರನನ್ನು ಕೇಳಿದರು. ಆತ ನೆಲ ನೋಡಿದ. ಅವರು ಒಳಗೆ ಹೋಗಿ ಚೀಲ ತೆಗೆದುಕೊಂಡು ಬಸ್ ನಿಲ್ದಾಣದ ಕಡೆ ನಡೆದರು.

ಟೆಕ್ನಿಶಿಯನ್ ಸಾಕ್ಷಿಯಾಗಿದ್ದ. ನಾನು ಹೀಗೆ ವರದಿ ಬರೆದೆ: ತಂಪುಗಾಳಿಯ ಕಿಂಡಿ ಮುಚ್ಚಿದ್ದರಿಂದ ಬ್ಯಾಟರಿ ಹಾಳಾಗಿದೆ, ಮುಚ್ಚಿಸಿದವರು ಮಾಲೀಕರು, ಚಾಲಕನು ಅವರ ಆಜ್ಞೆಯನ್ನು ಪಾಲಿಸಿದ್ದಾನೆ. ದಸ್ತಗೀರನ ಮೇಲೆ ವೆಚ್ಚ ಹೊರಿಸುವುದು ಸಾಧ್ಯವಾಗಲಿಲ್ಲ. ಆದರೆ ಸಾವಕಾರರು ಆತನನ್ನು ಅದೇ ಸಂಜೆ ಕೆಲಸದಿಂದ ತೆಗೆದರು. ಸುನಂದಾ ಮತ್ತೆ ಸಂಶಿಗೆ ಬರಲಿಲ್ಲ. ಇಮ್ಮಡಿ ಹಣ ಕೊಡುವುದಾಗಿ ಸಾವಕಾರರು ಹೇಳಿಕಳುಹಿಸಿದಾಗಲೂ ಬರಲಿಲ್ಲ. ಬೇರೆ ನರ್ಸ್ ಸಿಗದೆ, ಮುದುಕಿಯನ್ನು ದಿನ ಬಿಟ್ಟು ದಿನ ಟಾಟಾ ಏಸ್‌ನಲ್ಲಿ ಮಲಗಿಸಿ ಹುಬ್ಬಳ್ಳಿಗೆ ಒಯ್ಯತೊಡಗಿದರು. ರಸ್ತೆಯ ಕುಲುಕಾಟಕ್ಕೆ, ಮಾಯಲು ಹತ್ತಿದ್ದ ಹುಣ್ಣು ಮತ್ತೆ ಬಾಯಿ ತೆರೆಯಿತು.

ಕಾರಣವನ್ನು ಕೊನೆಯವರೆಗೂ ಕೇಳಲೇಬೇಕು. ಆ ಮಾತನ್ನು ನಾನು ಇಂದಿಗೂ ಬಿಟ್ಟಿಲ್ಲ. ಆದರೆ ಆ ಪ್ರಕರಣದ ನಂತರ ಹೇಳಿಕೆಗಳನ್ನು ಒಬ್ಬೊಬ್ಬರಿಂದ ಬೇರೆ ಬೇರೆಯಾಗಿಯೇ ಪಡೆಯುತ್ತೇನೆ. ಅಂದು ಹಾಗೆ ಮಾಡಿದ್ದರೂ ವರದಿಯ ಒಂದಕ್ಷರವೂ ಬದಲಾಗುತ್ತಿರಲಿಲ್ಲ. ಸುನಂದಾ ಮಾತ್ರ ಸುಳ್ಳು ಮರ್ಯಾದೆಯೊಂದನ್ನು ನಂಬಿಕೊಂಡು ಆ ಮನೆಗೆ ಹೋಗಿಬರುತ್ತಲೇ ಇರುತ್ತಿದ್ದರು. ಆ ಸುಳ್ಳು, ಎಲ್ಲರೆದುರು ಹೊರಬಿದ್ದ ಈ ನಿಜ, ಎರಡರಲ್ಲಿ ಯಾವುದು ಹೆಚ್ಚು ಕ್ರೂರ ಎಂಬುದನ್ನು ತೀರ್ಮಾನಿಸುವ ವಿದ್ಯೆ ನನ್ನ ವೃತ್ತಿಯಲ್ಲಿಲ್ಲ.

ಕ್ಲೇಮ್ ತಿರಸ್ಕೃತವಾದ ದಿನ ಸಾವಕಾರರು ಫೋನ್ ಮಾಡಿದರು. "ಗಾಡಿ ಹೋತು, ಡ್ರೈವರ್ ಹೋದ, ನರ್ಸ್ ಹೋದ್ಲು. ನಮ್ಮವ್ವ ರಾತ್ರಿಯೆಲ್ಲಾ ಚೀರ್ತಾಳ. ಅದನ್ನ ಎಲ್ಲಿ ಬರದೀರಿ ಮಾಸ್ತರ?"

ಅದು ನನ್ನ ಪರಿಶೀಲನೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಉತ್ತರಿಸಿ ಫೋನ್ ಇಟ್ಟೆ. ಅಂದು 2023ರ ಆಗಸ್ಟ್ 18, ಶುಕ್ರವಾರ.