ನಡುವೆ ಪುಸ್ತಕ ಮುಚ್ಚುವ ಮಾಸ್ತರು

ಮರಾಠಿ ಸೀಮೆಯ ಯೆರವಡಾದ ನಮ್ಮ ಸಾಲುಮನೆಗಳ ಚಾಳಿನಲ್ಲಿ ಆಗ ಮನೆಗೊಂದು ಫೋನು ಇರಲಿಲ್ಲ. ಕನ್ನಡ ಶಾಲೆಗೆ ಹೋಗುವ ಮಕ್ಕಳು ಮಾತ್ರ ತುಂಬ ಇದ್ದರು. ತೊಂಬತ್ತರ ದಶಕದ ಮಾತು. ನನ್ನ ಮೊಮ್ಮಗಳು ಶೈಲಾ ಒಂಬತ್ತನೆಯ ತರಗತಿಯಲ್ಲಿದ್ದಳು. ಲಗೋರಿಯಲ್ಲಿ ಗಂಡುಹುಡುಗರನ್ನೂ ಸೋಲಿಸುವಳು, ಕನ್ನಡದ ಪೇಪರಿನಲ್ಲಿ ನಪಾಸು. ಗೈಡಿನ ಉತ್ತರ ಬಾಯಿಪಾಠ ಮಾಡುವಳು. ಒಂದು ಸಾಲು ಮರೆತರೆ ಮುಂದಿನದೆಲ್ಲ ಹೋಯಿತು. "ವಾರ್ಷಿಕ ಪರೀಕ್ಷ್ಯಾಗ ಮತ್ತ ನಪಾಸಾದ್ರ ಸಾಲಿ ಸಾಕು, ಹೊಲಿಗಿ ಕ್ಲಾಸಿಗೆ ಹಾಕತೇನಿ" ಎಂದು ನನ್ನ ಮಗ ಹೇಳಿಬಿಟ್ಟ.

ಅಂಥದ್ದರಲ್ಲಿ ಹೊಸ ಕನ್ನಡ ಮಾಸ್ತರು ನೋಟ್ಸನ್ನೇ ಕೊಡುವುದಿಲ್ಲ ಎಂದು ಗೊತ್ತಾಯಿತು. ಹಿಟ್ಟಿನ ಕೈ ಒರೆಸಿಕೊಂಡು ಜಗಳಕ್ಕೆಂದೇ ಶಾಲೆಗೆ ಹೋದೆ.

"ಏನ್ರೀ ಮಾಸ್ತರ, ನೋಟ್ಸ್ ಕೊಡಾಕ ಏನ ಧಾಡಿ ನಿಮಗ?"

ಅವರು ನಕ್ಕರು. "ಆಮ್ಯಾಲ ಬೈಯಿರಿ, ಅಜ್ಜಿ. ಮೊದಲ ಹಿಂದಿನ ಬೆಂಚಿನ ಮ್ಯಾಲ ಕೂಡ್ರಿ."

ಕುಳಿತೆ. ಅವರು ಒಂದು ಕಥೆ ಓದತೊಡಗಿದರು. ತವರಿಗೆ ಬಂದ ಮಗಳು. ಒಲೆ ಧಗಧಗ ಉರಿಯುತ್ತಿದೆ. "ಸುಖವಾಗಿದ್ದೀಯಾ?" ಎಂದು ತಾಯಿ ಕೇಳುತ್ತಾಳೆ. ಮಗಳು "ಹೂಂ" ಎಂದು ಒಲೆ ಊದತೊಡಗುತ್ತಾಳೆ. ಅಲ್ಲಿಗೆ ಪುಸ್ತಕ ಮುಚ್ಚಿಬಿಟ್ಟರು. "ಕಣ್ಣು ಮುಚ್ಚಿ ಆಕಿನ್ನ ನೋಡ್ರಿ. ಆಕಿ ಮನಸಿನ್ಯಾಗ ಏನದ?"

"ಸುಖದಾಗ ಅದಾಳ್ರೀ ಸರ್, ಹೂಂ ಅಂದಾಳಲ್ಲ" ಎಂದಳು ನಮ್ಮ ಶೈಲಾ.

ನನಗೆ ತಡೆಯಲಾಗಲಿಲ್ಲ. "ಹುಚ್ಚ ಖೋಡಿ! ಉರಿಯೋ ಒಲಿ ಯಾರರ ಊದತಾರೇನ? ಅಳಾಕತ್ತಾಳ ಆಕಿ. ಅವ್ವ ಕೇಳಿದ್ರ ಹೊಗಿ ಅಂತ ಹೇಳಾಕ ನೆವ!"

"ಇದನ್ನ ಯಾವ ನೋಟ್ಸಿನ್ಯಾಗ ಬರದ ಕೊಡಲಿ, ಅಜ್ಜಿ?" ಎಂದರು ಮಾಸ್ತರು. ಬೈಯದೆ ಬಂದೆ.

ಅಂದೇ ಗೈಡು ಟ್ರಂಕಿನ ತಳಕ್ಕೆ ಹೋಯಿತು. ಸಂಜೆ ನಾನು ರೊಟ್ಟಿ ಬಡಿಯುವಾಗ ಶೈಲಾ ಪಾಠ ಓದುವಳು. ಬಿಸಿ ರೊಟ್ಟಿ, ಬೆಳ್ಳುಳ್ಳಿ ಖಾರದ ವಾಸನೆಗೆ ಅವಳ ಮೂಗು ಅರಳುವ ಹೊತ್ತಿಗೆ ನಡುವೆಯೇ ತಡೆಯುತ್ತಿದ್ದೆ. "ಮುಂದ ಏನಾಗತದ? ನಿನಗ್ಯಾಕ ಹಂಗ ಅನಿಸ್ತು? ಹೇಳಿದ್ರ ರೊಟ್ಟಿ."

"ಮಾಸ್ತರಗಿಂತ ನೀ ಭಾಳ ಕೆಟ್ಟಾಕಿ!" ಎನ್ನುವಳು. ಬೈಯುತ್ತಲೇ ಹೇಳುವಳು.

ವಾರ್ಷಿಕ ಪರೀಕ್ಷೆಗೆ ಪುಸ್ತಕದಲ್ಲಿಲ್ಲದ ಒಂದು ತುಣುಕು ಬಂತು. ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕ ಕುಳಿತಿದ್ದಾನೆ. ಭೋರ್ ಊರಿನ ಬಸ್ಸು ಬಂದಾಗಲೆಲ್ಲ ಎದ್ದು, ಇಳಿಯುವವರ ಮುಖ ನೋಡಿ, ಮತ್ತೆ ಕೂಡುತ್ತಾನೆ. ಅವನೇಕೆ ಬಂದಿದ್ದಾನೆ? ಬಹಳ ಮಕ್ಕಳು ಭೋರಿಗೆ ಹೋಗಲು ಎಂದು ಬರೆದರು. ಶೈಲಾ ಬರೆದದ್ದು: "ಅವನು ಎಲ್ಲಿಗೂ ಹೋಗುವವನಲ್ಲ. ಅವನ ಮಂದಿ ಯಾರೋ ಬರಬೇಕಾಗಿದೆ. ಹೋಗುವವನು ಬಸ್ಸಿನ ಬೋರ್ಡು ನೋಡುತ್ತಾನೆ, ಮುಖ ನೋಡುವುದಿಲ್ಲ."

ಬರೀ ಪಾಸಲ್ಲ, ಕನ್ನಡದಲ್ಲಿ ತರಗತಿಗೇ ಮೊದಲು! ನಾನು ಚಾಳಿನ ನಡುವೆ ನಿಂತು, ಮರಾಠಿ ನೆರೆಯವರಿಗೂ ತಿಳಿಯಲೆಂದು "ಪಾಸ್ ಝಾಲೀ ಆಮಚೀ ಪೋರಗೀ!" ಎಂದು, ನಮ್ಮ ಹುಡುಗಿ ಪಾಸಾದಳೆಂದು, ಅವರ ಮಾತಿನಲ್ಲೇ ಕೂಗಿದೆ. ಮಗನ ಕೈಗೆ ಮಾರ್ಕ್ಸ್ ಕಾರ್ಡು ಕೊಟ್ಟು, "ಹೊಲಿಗಿ ಕ್ಲಾಸಿಗೆ ನೀ ಹೋಗಪಾ" ಎಂದೆ. ಮರುದಿನವೇ ಅವನು ಹತ್ತನೆಯ ತರಗತಿಯ ಪುಸ್ತಕ ತಂದ.

ಈಗ ಆ ಶಾಲೆಯಲ್ಲಿ ಕನ್ನಡದ ತರಗತಿಗಳಿಲ್ಲ. ಮಾಸ್ತರೂ ತೀರಿಕೊಂಡರು. ಶೈಲಾಳ ಮಗನಿಗೆ ಪ್ರಶ್ನೆ ಓದುವ ಮೊದಲೇ ಉತ್ತರ ಫೋನಿಗೆ ಬಂದು ಬೀಳುತ್ತದೆ. ಹುಡುಗ ಜಾಣನೇ, ಸುಳ್ಳೇಕೆ ಹೇಳಲಿ. ಆದರೆ ಕಥೆಯಲ್ಲಿರುವವರ ಮನಸ್ಸಿನಲ್ಲಿ ಏನಿದೆ ಎಂದು ನಾನು ಕೇಳಿದರೆ, "ಅದು ಪೇಪರಿಗೆ ಬರೂದಿಲ್ಲಜ್ಜಿ" ಅನ್ನುತ್ತಾನೆ.

ಒಂದು ಸಲ ಬಂದಿತ್ತು. ಅವನವ್ವ ಬರೆದಿದ್ದಳು.