ಬರಾಬರ್ ಆಡದ ಆಟ

ಕಳೆದ ವಾರ ಅಡುಗೆಮನೆಯಲ್ಲಿ ವಿನೆಗರ್ ಬಾಟಲಿ ಕೈಜಾರಿ ಒಡೆಯಿತು. ಗಾಜಿನ ಚೂರು ಆರಿಸಿ, ಹಳೇ ಬಟ್ಟೆ ತಂದು ನೆಲ ಒರೆಸಲು ಕೂತವಳು ಒರೆಸುವುದನ್ನು ಮರೆತು ಹಾಗೆಯೇ ಕೂತುಬಿಟ್ಟೆ. ಮೂಗಿಗೆ ಅಡರುವ ಆ ಹುಳಿ ವಾಸನೆ ನನ್ನನ್ನು ಜೇವರ್ಗಿಯ ಈ ಮನೆಯಿಂದ ಎತ್ತಿ ಆಳಂದದ ಒಂದು ಫೋಟೋ ಸ್ಟುಡಿಯೋದೊಳಗೆ ಇಳಿಸಿತ್ತು...

ಆಳಂದದ ಬಜಾರಿನಲ್ಲಿ ನಮ್ಮಪ್ಪನದು ಔಷಧಿ ಅಂಗಡಿ. ಅದಕ್ಕೆ ಹೊಂದಿಕೊಂಡೇ ಆ ಸ್ಟುಡಿಯೋ. ಫೋಟೋ ತೊಳೆಯುವ ಕಾಲ ಮುಗಿದು ಎಷ್ಟೋ ವರ್ಷವಾಗಿದ್ದರೂ ಅಲ್ಲಿಯ ಕತ್ತಲೆ ಕೋಣೆಯ ಗೋಡೆಗಳು ತೊಳೆಯುವ ದ್ರಾವಣದ ಹುಳಿ ವಾಸನೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಸ್ಟುಡಿಯೋದ ಯಜಮಾನರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಮೆಹಂದಿ ಹಚ್ಚಿದ ಕೂದಲು, ಇಸ್ತ್ರಿ ಮುರಿಯದ ಅಂಗಿ, ಕಿವಿಯಲ್ಲಿ ಅತ್ತರಿನ ಹತ್ತಿ. ಸೊಕ್ಕು ಸ್ವಲ್ಪ ಇತ್ತು. ಆದರೆ ಆ ಸೊಕ್ಕು ಅವರಿಗೆ ಒಪ್ಪುತ್ತಿತ್ತು.

ಮಂದಿಯ ಕೈಗೆಲ್ಲ ಮೊಬೈಲು ಬಂದ ಮೇಲೆ ಸ್ಟುಡಿಯೋದ ಕಡೆ ಯಾರೂ ಹಾಯದಂತಾಯಿತು. ಚಾಚಾ ಒಂದು ದಿನ ಸೊಲ್ಲಾಪುರಕ್ಕೆ ಹೋಗಿ ಯಾರೋ ಆಡಿ ಬಿಟ್ಟಿದ್ದ ಪೂಲ್ ಟೇಬಲ್ ಒಂದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು. ಫೋಟೋ ತೆಗೆಯುತ್ತಿದ್ದ ದೊಡ್ಡ ಕೋಣೆಯಲ್ಲೇ ಅದನ್ನು ಇಟ್ಟರು. ಹಿಂದಿನ ಪರದೆ ತೆಗೆಯಲು ಮನಸ್ಸು ಬರಲಿಲ್ಲ ಅವರಿಗೆ. ಆ ಪರದೆಯ ಮೇಲೆ ಒಂದು ಸರೋವರ, ಎರಡು ಹಂಸ, ಎಲ್ಲಿಗೂ ಹೋಗದ ಒಂದು ಮೆಟ್ಟಿಲು. ಆಳಂದದ ಗಂಡಸರೆಲ್ಲ ಆ ಸರೋವರದ ದಂಡೆಯಲ್ಲಿ ಬಗ್ಗಿ ನಿಂತು ಬಾಲು ಹೊಡೆಯುತ್ತಿದ್ದರು.

ಅಲ್ಲಿ ಆಟದ ಜೊತೆಗೆ ಇನ್ನೊಂದು ಪದ್ಧತಿಯೂ ಬೆಳೆಯಿತು. ಪೂಲಿನಲ್ಲಿ ಒಬ್ಬರಿಗೆ ಸಾದಾ ಬಾಲು, ಇನ್ನೊಬ್ಬರಿಗೆ ಪಟ್ಟೆಯ ಬಾಲು. ತಮ್ಮವನ್ನೆಲ್ಲ ಮೊದಲು ತೂತಿಗೆ ಹಾಕಿ ಕೊನೆಗೆ ಕಪ್ಪು ಬಾಲು ಹಾಕಿದವರು ಗೆದ್ದಂತೆ. ಬಲವಾದವನು ಬಲ ಕಡಿಮೆಯವನಿಗೆ "ಒಂದು ಬಾಲ್ ಬಿಡ್ತೇನಿ" ಎನ್ನುತ್ತಿದ್ದ. ಅಂದರೆ ಇವನು ಆಟದ ಮೊದಲೇ ತನ್ನ ಒಂದು ಬಾಲನ್ನು ಟೇಬಲಿನಿಂದ ತೆಗೆದುಬಿಡಬಹುದು, ಅಷ್ಟು ಕೆಲಸ ಕಡಿಮೆ. ಯಾರು ಯಾರಿಗೆ ಎಷ್ಟು ಬಿಡುತ್ತಾರೆ ಎಂಬುದೇ ಊರಿನಲ್ಲಿ ಆಟಗಾರನ ಅಳತೆ. ಯಾರೂ ಬಿಡದೆ, ಯಾರೂ ತೆಗೆಯದೆ ಆಡಿದರೆ ಅದು ಬರಾಬರ್. ಆ ಶಬ್ದ ಕೇಳಲು ಗಂಡಸರು ವರ್ಷಗಟ್ಟಲೆ ಸೋಲುತ್ತಿದ್ದರು.

ಈ ಅಳತೆ ಊರು ದಾಟಿಯೂ ನಡೆಯುತ್ತಿತ್ತು. ಅಫಜಲಪುರದ ಬಸ್ಸಿನ ಕಂಡಕ್ಟರ್ ಒಬ್ಬರು ಅಲ್ಲಿಯೂ ಆಡುವವರು, ನಮ್ಮಲ್ಲಿಯೂ ಆಡುವವರು. ಅಲ್ಲಿಯ ಬಲಶಾಲಿ ಅವರಿಗೆ ಒಂದು ಬಾಲ್ ಬಿಡುತ್ತಿದ್ದ, ನಮ್ಮ ಚಾಚಾ ಎರಡು ಬಿಡುತ್ತಿದ್ದರು. ಹಾಗಾದರೆ ಚಾಚಾ ಅಫಜಲಪುರದವನಿಗಿಂತ ಒಂದು ಬಾಲು ಮೇಲು ಎಂದು ನಮ್ಮವರು ಅವನ ಮುಖ ನೋಡದೆಯೇ ತೀರ್ಮಾನಿಸಿಬಿಟ್ಟಿದ್ದರು.

ಈ ಲೆಕ್ಕಕ್ಕೆ ಒಂದು ಐಬಿತ್ತು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಇದೆಯಲ್ಲ, ನಮ್ಮ ಸ್ಟುಡಿಯೋದಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ನೆಲಕ್ಕೆ ಹಾಸಿದ್ದ ಹಳೆಯ ಪರಸಿ ಕಲ್ಲು ಕುಸಿದು ಟೇಬಲ್ ಬಾಗಿಲ ಕಡೆಯ ಎಡ ಮೂಲೆಗೆ ವಾಲುತ್ತಿತ್ತು. ಚಾಚಾ ಆ ಮೂಲೆಯ ಕಾಲಿನ ಕೆಳಗೆ ಪಾಸ್‌ಪೋರ್ಟ್ ಫೋಟೋಗಳ ಕಟ್ಟು ಇಟ್ಟಿದ್ದರು, ತೆಗೆಸಿಕೊಂಡು ಮತ್ತೆ ಒಯ್ಯಲು ಬಾರದವರ ಮುಖಗಳು. ಆದರೂ ವಾಲು ಪೂರ್ತಿ ಹೋಗಲಿಲ್ಲ. ನಮ್ಮವರೆಲ್ಲ ಆ ವಾಲು ಹಿಡಿದೇ ಗುರಿ ಕಲಿತರು. ಸರಸಂಬಾದ ಒಬ್ಬ ತೊಗರಿ ವ್ಯಾಪಾರಿ, ಚಾಚಾನ ನಂತರ ಅವನೇ ಎನಿಸಿಕೊಂಡವನು, ಮದುವೆಗೆಂದು ಅಫಜಲಪುರಕ್ಕೆ ಹೋದಾಗ ಅಲ್ಲಿ ಆಡಿ ಮುಖ ಸಣ್ಣದು ಮಾಡಿಕೊಂಡು ಬಂದ.

"ಏನಾತ್ಲೇ?" ಎಂದರು ಚಾಚಾ.

"ಅವರ ಟೇಬಲ್ ಖರಾಬ್ ಅದ್ರಿ ಚಾಚಾ," ಎಂದ. "ಪೂರಾ ಸೀದಾ ಅದ."

ಯಾರೂ ನಗಲಿಲ್ಲ. ಎಲ್ಲರಿಗೂ ಅದು ಸರಿಯಾದ ಕಾರಣವೆಂದೇ ಅನಿಸಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ನಾನು ಅಲ್ಲಿಗೆ ಹೋಗತೊಡಗಿದ್ದು ಆಟಕ್ಕಲ್ಲ, ಚಾಚಿಯ ಚಹಾಕ್ಕೆ. ಫಾರ್ಮಸಿ ಓದಿ ಬಂದು ಅಪ್ಪನ ಜೊತೆ ಅಂಗಡಿಯಲ್ಲಿ ಕೂರುತ್ತಿದ್ದೆ. ಮಧ್ಯಾಹ್ನದ ಬಿಸಿಲಿಗೆ ಬಜಾರೆಲ್ಲ ಕಣ್ಣು ಮುಚ್ಚಿದಾಗ ಅವರ ಪರದೆಯ ಪಕ್ಕ ಹೋಗಿ ಕೂರುವುದು. ಚಾಚಿ ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತ ಮಾತಾಡುವವರು. ಹೀಗೇ ಒಂದು ದಿನ ಸುಮ್ಮನೆ ಸ್ಟಿಕ್ ಕೈಗೆ ತೆಗೆದುಕೊಂಡೆ. ಹೊಡೆದ ಬಾಲು ಹೋಗಿ ಬಿತ್ತು. ಅಷ್ಟೇ, ಹುಚ್ಚು ಹಿಡಿಯಿತು. ಹೆಣ್ಣುಮಗಳು ಗಂಡಸರ ಆಟ ಆಡುತ್ತಾಳೆ ಎಂದು ನಾಲ್ಕು ಮಂದಿ ನಾಲ್ಕು ಮಾತಾಡಿದರು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು ಎಂದು ಅಪ್ಪ ಸುಮ್ಮನಾದ.

ತೊಗರಿ ವ್ಯಾಪಾರಿ ಮೊದಲ ಸಲ ನನ್ನನ್ನು ಟೇಬಲಿನ ಬಳಿ ಕಂಡಾಗ ದೊಡ್ಡ ಮನಸ್ಸು ಮಾಡಿ, "ತಂಗಿಗೆ ನಾಕ್ ಬಾಲ್ ಬಿಡ್ತೇನಿ" ಎಂದ. ಚಾಚಾ ಸಿಟ್ಟಿಗೆದ್ದರು.

"ಆಕಿ ಆಟ ನೋಡೀ ಏನ್ಲೇ? ಮಾರಿ ನೋಡಲಾರದ ಫೋಟೋ ತೆಗೀತಾರೇನ್?"

ಚಾಚಾ ನನ್ನ ಜೊತೆ ಆಡಿ ನೋಡಿದರು. ಒಂದಿಷ್ಟೂ ಕರುಣೆಯಿಲ್ಲದೆ ಸೋಲಿಸಿದರು. ಆಮೇಲೆ ಮೀಸೆ ತೀಡಿಕೊಂಡು, "ಮೂರು" ಎಂದರು. ನನಗೆ ಅವಮಾನವಾಗಲಿಲ್ಲ. ನನ್ನ ಆಟವನ್ನು ನೋಡಿ ಹೇಳಿದ ಮೊದಲ ಮಾತು ಅದು, ಹೆಣ್ಣೆಂದು ನೋಡಿ ಹೇಳಿದ್ದಲ್ಲ. ಕಾಲ ಕಳೆದಂತೆ ಮೂರು ಎರಡಾಯಿತು, ಎರಡು ಒಂದಾಯಿತು. ಒಂದರ ಹತ್ತಿರ ನಿಂತುಬಿಟ್ಟೆ. "ಇವತ್ತರ ಬರಾಬರ್ ಆಡೋಣ್ರಿ ಚಾಚಾ" ಎಂದರೆ, "ನಿನ್ನ ಒಂದ್ ಬಾಲ್ ತಗೋ ಬೇ, ಸುಮ್ನ ಆಡು" ಎನ್ನುವರು. ಯಾರಿಂದಲೂ ಒಂದು ಬಾಲು ತೆಗೆದುಕೊಂಡವರಲ್ಲ ಅವರು. ಅವರ ಬಾಯಿಂದ ಆ ಶಬ್ದ ಕೇಳಬೇಕು, ಕೇಳಿಯೇ ಆಳಂದ ಬಿಡಬೇಕು ಎಂಬ ಹಟ ನನ್ನದು.

ಅವರ ಕೈ ನಡುಗುವುದನ್ನು ನಾನು ಮೊದಲು ಕಂಡದ್ದು ಚಹಾದ ಬಸಿಯಲ್ಲಿ. ಬಸಿ ಕಪ್ಪಿಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು. ಚಳಿ ಎಂದರು. ಬೇಸಿಗೆ ಬಂತು, ಸದ್ದು ನಿಲ್ಲಲಿಲ್ಲ. ಕಲಬುರಗಿಯ ಡಾಕ್ಟರು ಬರೆದ ಮಾತ್ರೆಗಳನ್ನು ನಮ್ಮ ಅಂಗಡಿಯಿಂದಲೇ ಒಯ್ಯುತ್ತಿದ್ದರು. ಅವು ಯಾವ ಬೇನೆಯ ಮಾತ್ರೆ, ಆ ಬೇನೆ ಬಂದ ದಾರಿಯಲ್ಲಿ ಹಿಂದಿರುಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಆಮೇಲೆ ಸ್ಟುಡಿಯೋದಲ್ಲಿ ಒಂದು ವಿಚಿತ್ರ ನಡೆಯಿತು. ಕೈ ನಡುಗಿದಷ್ಟೂ ಚಾಚಾ ಗೆಲ್ಲುತ್ತ ಹೋದರು. ತೊಗರಿ ವ್ಯಾಪಾರಿ ತೂತಿನ ಬಾಯಲ್ಲಿ ನಿಂತ ಬಾಲನ್ನು ತಪ್ಪಿಸುತ್ತಿದ್ದ. ಕಂಡಕ್ಟರ್ ಕಪ್ಪು ಬಾಲಿನವರೆಗೆ ಬಂದು ಸ್ಟಿಕ್ ಜಾರಿತು ಎನ್ನುತ್ತಿದ್ದರು. ಯಾರೂ ಮಾತಾಡಿಕೊಂಡಿರಲಿಲ್ಲ. ದೊಡ್ಡವರು, ಅವರ ಟೇಬಲ್ಲು, ಅವರ ಮಾನ ನಮ್ಮ ಕೈಯಲ್ಲಿ ಹೋಗಬಾರದು ಎಂದು ಎಲ್ಲರೂ ತಮ್ಮಷ್ಟಕ್ಕೆ ತಾವೇ ಸೋಲುತ್ತಿದ್ದರು. ನಮ್ಮ ಕಡೆಯ ಮಂದಿ ಒಳ್ಳೆಯವರು. ನನಗೆ ಮಾತ್ರ ಬೇಕೆಂದೇ ತಪ್ಪು ಹೊಡೆಯಲು ಕೈ ಏಳುತ್ತಿರಲಿಲ್ಲ, ಸರಿಯಾಗಿ ಹೊಡೆಯಲು ಮನಸ್ಸು ಬರುತ್ತಿರಲಿಲ್ಲ. ಅಂಗಡಿಯ ಕೆಲಸದ ನೆಪ ಹೇಳಿ ಕೆಲವು ತಿಂಗಳು ಸ್ಟಿಕ್ ಮುಟ್ಟಲೇ ಇಲ್ಲ.

ಒಂದು ಮಧ್ಯಾಹ್ನ ಚಹಾಕ್ಕೆ ಹೋದಾಗ ಚಾಚಾ ಒಬ್ಬರೇ ಟೇಬಲಿನ ಹತ್ತಿರ ನಿಂತಿದ್ದರು. ಚಾಚಿ ಮೂಲೆಯಲ್ಲಿ ಬೇಳೆಯ ಮೊರ ಹಿಡಿದಿದ್ದರು.

"ಬಾ ಬೇಟಾ, ಒಂದ್ ಗೇಮ್ ಆಡೋಣ."

"ಬ್ಯಾಡ್ರಿ ಚಾಚಾ, ಅಂಗಡಿದಾಗ ಯಾರೂ ಇಲ್ರಿ."

"ನಿಮ್ಮಪ್ಪ ಕುಂತಾರ. ಈಗ ನೋಡಿ ಬಂದೇನಿ." ಸ್ಟಿಕ್ ಒಂದನ್ನು ನನ್ನ ಕೈಗಿಟ್ಟು ಹೇಳಿದರು: "ಇವ್ರೆಲ್ಲಾ ನನಗ ಸೋತು ಸೋತು ಸಾಕ್ ಮಾಡ್ಯಾರ ಬೇ. ನಾ ಈಗ ಎಷ್ಟ್ ಬಾಲಿನಾವ ಅಂತ ನನಗೇ ತಿಳೀವಲ್ದು. ಕೇಳಿದ್ರ ಯಾರೂ ಖರೇ ಹೇಳಂಗಿಲ್ಲ. ನೀ ಹೇಳು."

ನಾನು ಚಾಚಿಯ ಮುಖ ನೋಡಿದೆ. ಅವರು ಮೊರದಿಂದ ಕಣ್ಣೆತ್ತದೆ, "ಆಡು ಬೇಟಿ. ನಿದ್ದಿ ಇಲ್ಲ ಇವರಿಗೆ" ಎಂದರು.

ಚಾಚಾ ಬಾಲು ಜೋಡಿಸಿದರು. ಎಂದಿನಂತೆ, "ನಿನ್ನ ಒಂದ್ ಬಾಲ್ ತಗೋ" ಎಂದರು. ಬೇಡ ಎನ್ನಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು. ತೆಗೆದುಕೊಂಡೆ. ಆಡಿದೆ, ನನಗೆ ಬರುವಷ್ಟೂ ಆಡಿದೆ. ಅವರ ಸ್ಟಿಕ್ಕಿನ ತುದಿ ಬಾಲಿನ ಮುಂದೆ ಅತ್ತಿತ್ತ ಅಲೆಯುತ್ತಿತ್ತು, ಕೊನೆಗೆ ಎಲ್ಲಿ ನಿಂತಿತೋ ಅಲ್ಲೇ ಹೊಡೆಯುತ್ತಿದ್ದರು. ನಾನು ಕಪ್ಪು ಬಾಲು ಹಾಕಿದಾಗ ಅವರ ಬಾಲು ಮುಕ್ಕಾಲು ಪಾಲು ಟೇಬಲಿನ ಮೇಲೇ ಇದ್ದವು.

ಸ್ಟಿಕ್ ಗೋಡೆಗೆ ಆನಿಸಿ ನಿಂತು ಕೇಳಿದರು: "ಈಗ ಹೇಳು. ನೀ ನನಗ ಎಷ್ಟ್ ಬಿಡ್ತಿ?"

ಬರಾಬರ್ ಎಂಬ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸುಲಭವಿತ್ತು! ಅವರ ಮಾನ ಉಳಿಯುತ್ತಿತ್ತು, ನನ್ನ ಹಟವೂ ತೀರುತ್ತಿತ್ತು. ಆದರೆ ಮೊದಲ ದಿನ ನನ್ನನ್ನು ಸೋಲಿಸಿ "ಮೂರು" ಎಂದ ಅವರ ಮುಖ ಕಣ್ಣ ಮುಂದೆ ಬಂತು. ಆಟ ನೋಡಿ ಹೇಳಬೇಕು ಎಂದು ಕಲಿಸಿದವರಿಗೆ ನೋಡದವಳ ಹಾಗೆ ಹೇಗೆ ಹೇಳಲಿ?

"ಎರಡ್ರೀ ಚಾಚಾ," ಎಂದೆ.

ಚಾಚಿಯ ಕೈ ಬೇಳೆಯಲ್ಲಿ ನಿಂತಿತು. ಚಾಚಾ ನನ್ನನ್ನೇ ನೋಡಿದರು... ಫೋಟೋ ತೆಗೆಯುವ ಮುಂಚೆ ನೋಡುತ್ತಿದ್ದರಲ್ಲ, ಹಾಗೆ. ಆಮೇಲೆ ಮತ್ತೆ ಬಾಲು ಜೋಡಿಸಿ, ತಮ್ಮವೆರಡನ್ನು ತಾವೇ ಎತ್ತಿ ಬದಿಗಿಟ್ಟರು. ಜೀವಮಾನದಲ್ಲಿ ಅವರು ತೆಗೆದುಕೊಂಡ ಮೊದಲ ಬಾಲುಗಳು ಅವು. ನನಗೆ ಅಳು ಬಂತು. ಅಳುತ್ತ ಗುರಿ ಹಿಡಿಯಲಾಗುವುದಿಲ್ಲ, ಅದಕ್ಕೇ ನುಂಗಿಕೊಂಡೆ.

ಆ ಆಟ ಕಪ್ಪು ಬಾಲಿನವರೆಗೂ ಬಂತು. ಅವರೂ ಅದಕ್ಕೇ ಹೊಡೆದರು, ನಾನೂ ಅದಕ್ಕೇ ಹೊಡೆದೆ. ನನ್ನ ಬೆವರು ಹಸಿರು ಬಟ್ಟೆಯ ಮೇಲೆ ಬಿತ್ತು. ಕೊನೆಗೆ ನಾನೇ ಗೆದ್ದೆ. ಚಾಚಾ ಸೋತು, ಎಷ್ಟೋ ತಿಂಗಳ ಮೇಲೆ ಬಾಯಿತುಂಬ ನಕ್ಕರು.

"ಇದಕ್ಕ ಅಂತಾರ ನೋಡ್ ಆಟ," ಎಂದರು ಚಾಚಿಯ ಕಡೆ ತಿರುಗಿ. "ಚಹಾ ಇಡು, ಸಕ್ಕರಿ ಜಾಸ್ತಿ ಹಾಕು."

ಮರುದಿನ ಸಂಜೆ ಎಲ್ಲರ ಎದುರಿಗೂ ಹೇಳಿದರು: "ಈಕಿ ನನಗ ಎರಡ್ ಬಾಲ್ ಬಿಡ್ತಾಳ. ನೀವ್ ಎಷ್ಟ್ ಬಿಡ್ತೀರಿ, ಆಡಿ ಹೇಳ್ರಿ." ದೊಡ್ಡವರ ಮಾನ ಕಳೆದಳು ಎಂದು ತೊಗರಿ ವ್ಯಾಪಾರಿ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ಆದರೆ ಚಾಚಾ ಅವನನ್ನೂ ಬಿಡಲಿಲ್ಲ. ಮೆಲ್ಲಗೆ ಎಲ್ಲರೂ ನಿಜವಾಗಿ ಆಡತೊಡಗಿದರು. ಎರಡು ಮೂರಾಯಿತು. ಆಮೇಲೆ ಇನ್ನೂ ಹೆಚ್ಚಾಯಿತು. ಚಾಚಾ ಪ್ರತಿ ಸಲವೂ ಕೇಳಿ, ಚೌಕಾಸಿ ಮಾಡಿ, ಬೈದು, ತೆಗೆದುಕೊಂಡರು.

ನನಗೆ ಮದುವೆಯಾಗಿ ಜೇವರ್ಗಿಗೆ ಬಂದೆ. ಫೋನಿನಲ್ಲಿ ಅವರು ಮೊದಲು ಕೇಳುತ್ತಿದ್ದುದು, "ನಿಮ್ಮೂರಿನ ಟೇಬಲ್ ಹ್ಯಾಂಗ ಅದ, ಸೀದಾ ಅದ ಏನ್?" ನಾನು ಇಲ್ಲಿ ಆಡಿಲ್ಲ, ಆಡಬೇಕೆನಿಸಲಿಲ್ಲ. ಅವರ ಮಾತು ತೊದಲುತ್ತ ಹೋಯಿತು, ಆಮೇಲೆ ಚಾಚಿಯೇ ಫೋನಿನಲ್ಲಿ ಮಾತಾಡತೊಡಗಿದರು. ಒಂದು ಬೆಳಿಗ್ಗೆ ಅಪ್ಪನ ಫೋನ್ ಬಂತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಚಾಚಿ ನನ್ನ ಕೈ ಹಿಡಿದು ಕೂತಿದ್ದರು. ಬಹಳ ಹೊತ್ತಿನ ಮೇಲೆ, "ಆಕಿ ಒಬ್ಬಾಕಿನೇ ನನ್ನ ಜೋಡಿ ಆಡಿದಳು, ಉಳದವ್ರು ಕೂಸಿನಂಗ ನನ್ನ ಆಡಿಸಿದ್ರು ಅಂತ ನಿಮ್ಮ ಚಾಚಾ ಹೇಳ್ತಿದ್ರು ನೋಡು" ಎಂದರು. ಅದನ್ನು ಕೇಳಿ ನನಗೆ ಹೆಮ್ಮೆಯಾಗಲಿಲ್ಲ. ಇನ್ನೊಂದು ಸಲ ಅವರ ಕೈಲಿ ಸೋಲಬೇಕು ಅನಿಸಿತು, ಬರೀ ಅಷ್ಟೇ. ಟೇಬಲನ್ನು ಯಾರೋ ಯಡ್ರಾಮಿಯವರು ಒಯ್ದರಂತೆ. ಎತ್ತಿದಾಗ ಕಾಲಿನ ಕೆಳಗಿದ್ದ ಫೋಟೋ ಕಟ್ಟು ಒಂದಕ್ಕೊಂದು ಅಂಟಿ ಹಲಗೆಯ ಹಾಗಾಗಿತ್ತಂತೆ, ಒಂದು ಮುಖವನ್ನೂ ಬಿಡಿಸಲು ಬರಲಿಲ್ಲವಂತೆ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ, ಹೊಸ ಟೈಲ್ಸ್ ಹಾಕಿ ನೆಲ ಸಮ ಮಾಡಿದ್ದಾರೆ.

ವಿನೆಗರ್ ಒರೆಸಿ ಬಟ್ಟೆ ಹಿಂಡುವಾಗ ಇಷ್ಟು ವರ್ಷ ಹೊಳೆಯದ ಒಂದು ಮಾತು ಹೊಳೆಯಿತು. ಚಾಚಾ ನನಗೆ ಒಂದು ಬಾಲು ಬಿಡುತ್ತಿದ್ದರು. ಆಮೇಲೆ ನಾನು ಅವರಿಗೆ ಎರಡು ಬಿಟ್ಟೆ. ಒಂದರಿಂದ ಎರಡಕ್ಕೆ ಹೋಗುವ ದಾರಿಯಲ್ಲಿ ಯಾವುದೋ ಒಂದು ದಿನ ನಾವಿಬ್ಬರೂ ಬರಾಬರ್ ಇದ್ದಿರಲೇಬೇಕು. ನಾನು ಅಷ್ಟು ಹಂಬಲಿಸಿದ ದಿನ ಅದು, ಬಂದು ಹೋಗಿದೆ. ಆ ದಿನ ನಾನು ಅಂಗಡಿಯಲ್ಲಿ ಕೂತು ಯಾರಿಗೋ ಮಾತ್ರೆ ಕೊಡುತ್ತಿದ್ದೆ. ಅವರು ಸರೋವರದ ಪರದೆಯ ಮುಂದೆ ಯಾರೋ ಬಿಟ್ಟುಕೊಟ್ಟ ಆಟ ಗೆಲ್ಲುತ್ತಿದ್ದರು. ನಡುವೆ ಒಂದೇ ಗೋಡೆ ಇತ್ತು.